ಎಷ್ಟರಲ್ಲಿ ಎಷ್ಟು? ಸಂಖ್ಯಾಶಾಸ್ತ್ರದ ಮೊದಲ ಪಾಠಗಳನ್ನು ಕುರಿತು

(ಮುಂಬಯಿಯ ಮಾಟುಂಗದಲ್ಲಿ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ಕಾಲೇಜಿನಲ್ಲಿ ಪಾಠ ಹೇಳಲು ತೊಡಗಿದ ಮೊದಲ ವರ್ಷ ನಾನು ತರಗತಿಗೆ ಕಾಲಿಟ್ಟವನೇ ಕರಿಹಲಗೆಯ ಮೇಲೆ ಸರಾಸರಿಯ ಸೂತ್ರವನ್ನು ಬರೆದೆ. ಮರುದಿನ ಮಧ್ಯಾಂಕದ ಸೂತ್ರವನ್ನು, ಅದರ ಮರುದಿನ ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂದು ಅಳೆಯುವ ಮಾನಕ ವಿಚಲನೆಯ ಸೂತ್ರವನ್ನು ಬರೆದೆ. ಹುಡುಗರು ಬರೆದುಕೊಂಡರು, ಬಾಯಿಪಾಠ ಮಾಡಿದರು, ಪರೀಕ್ಷೆಯಲ್ಲಿ ಪಾಸೂ ಆದರು. ನನಗೂ ತೃಪ್ತಿಯಾಗಿತ್ತು. ಫಲಿತಾಂಶ ಬಂದ ವಾರದಲ್ಲಿ ತರಗತಿಯ ಜಾಣ ಹುಡುಗನೊಬ್ಬ ಪತ್ರಿಕೆಯ ಜಾಹೀರಾತೊಂದನ್ನು ಹಿಡಿದುಕೊಂಡು ಬಂದ. ಯಾವುದೋ ತರಬೇತಿ ಕೇಂದ್ರ ತನ್ನ 50 ವಿದ್ಯಾರ್ಥಿಗಳು ಬ್ಯಾಂಕ್ ಪರೀಕ್ಷೆಯಲ್ಲಿ ತೇರ್ಗಡೆಯಾದರೆಂದು ಭಾವಚಿತ್ರಗಳ ಸಹಿತ ಪ್ರಕಟಿಸಿತ್ತು. 'ಅಲ್ಲಿಗೆ ಸೇರಲೇ ಸರ್, ಫೀಸು ಹೆಚ್ಚು, ಆದರೆ 50 ಜನ ಪಾಸಾಗಿದ್ದಾರೆ' ಎಂದು ಕೇಳಿದ. ಮಾನಕ ವಿಚಲನೆಯನ್ನು ಕಣ್ಣು ಮುಚ್ಚಿಕೊಂಡು ಲೆಕ್ಕ ಹಾಕಬಲ್ಲ ಹುಡುಗನಿಗೆ 'ಆ 50 ಎಷ್ಟರಲ್ಲಿ?' ಎಂಬ ಪ್ರಶ್ನೆ ಹೊಳೆದಿರಲಿಲ್ಲ. 60 ಜನ ಸೇರಿ 50 ಜನ ತೇರ್ಗಡೆಯಾಗಿದ್ದರೆ ಅದು ಒಂದು ಮಾತು, 5,000 ಜನ ಸೇರಿ 50 ಜನ ತೇರ್ಗಡೆಯಾಗಿದ್ದರೆ ಅದು ಬೇರೆಯೇ ಮಾತು. ತಪ್ಪು ಅವನದಾಗಿರಲಿಲ್ಲ, ವರ್ಷವಿಡೀ ನಾನು ಅವನಿಗೆ ಆ ಪ್ರಶ್ನೆಯನ್ನು ಒಮ್ಮೆಯೂ ಕೇಳಿರಲಿಲ್ಲ.

ಆದ್ದರಿಂದ ಇಂದು ನಾನು ಸೂತ್ರಗಳ ಗೊಡವೆಗೆ ಹೋಗುವುದಿಲ್ಲ. ಪ್ರಾಥಮಿಕ ಶಾಲೆಯಲ್ಲಿ ಭಿನ್ನರಾಶಿಯನ್ನು ಕಲಿಯುವಾಗ ಗೆರೆಯ ಮೇಲಿರುವುದು ಅಂಶ, ಕೆಳಗಿರುವುದು ಛೇದ ಎಂದು ನಿಮಗೆ ಹೇಳಿಕೊಟ್ಟಿದ್ದಾರೆ. ಸಂಖ್ಯಾಶಾಸ್ತ್ರದ ಮೊದಲ ವರ್ಷದಲ್ಲಿ ಎಡವುವವರು ಬಹುಪಾಲು ಛೇದದಲ್ಲಿ ಎಡವುತ್ತಾರೆ ಎಂಬುದು ಇಷ್ಟು ವರ್ಷ ಉತ್ತರ ಪತ್ರಿಕೆಗಳನ್ನು ತಿದ್ದಿದ ನನ್ನ ಅನುಭವ. ಪಾರಿಭಾಷಿಕ ಪದಗಳು ಕಷ್ಟ ಎಂದು ಹೆದರುವವರಿಗೆ ಇನ್ನೊಂದು ಮಾತು. ನಾವು ಬದುಕುತ್ತಿರುವ ಈ ಊರಿನ ಮರಾಠಿಯಲ್ಲೂ ಸರಾಸರಿಗೆ ಸರಾಸರಿ ಎಂದೇ ಹೇಳುತ್ತಾರೆ, ಅಂದಾಜಿಗೆ ಅಂದಾಜ್ ಎನ್ನುತ್ತಾರೆ, ನಮ್ಮ ಸಂಭವನೀಯತೆ ಅಲ್ಲಿ ಸಂಭಾವ್ಯತಾ ಆಗುತ್ತದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷ್ ಎಂದು ಮೂರು ದೋಣಿಗಳಲ್ಲಿ ಕಾಲಿಟ್ಟ ನಮ್ಮ ಮಕ್ಕಳಿಗೆ ಈ ಶಾಸ್ತ್ರದ ಬಾಗಿಲಲ್ಲಾದರೂ ಎರಡು ಭಾಷೆಗಳು ಕೈಕೈ ಹಿಡಿದು ನಿಂತಿವೆ.

ಸರಾಸರಿಯಿಂದಲೇ ಹೊರಡೋಣ. 2005ರ ಜುಲೈ 26 ನಿಮ್ಮಲ್ಲಿ ಹಲವರಿಗೆ ಮರೆಯುವ ದಿನವಲ್ಲ. ಆ ರಾತ್ರಿ ಕಚೇರಿಯಲ್ಲೋ ಬಸ್ಸಿನಲ್ಲೋ ಕಳೆದವರು ಈ ಸಭೆಯಲ್ಲೇ ಇದ್ದೀರಿ. 24 ಗಂಟೆಗಳಲ್ಲಿ ಮುಂಬಯಿಯ ಉಪನಗರ ಸಾಂತಾಕ್ರೂಜ್‌ನ ಹವಾಮಾನ ಕೇಂದ್ರದಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು, ಅದೇ ಅವಧಿಯಲ್ಲಿ ನಗರದ ದಕ್ಷಿಣ ತುದಿಯ ಕೊಲಾಬಾದಲ್ಲಿ ದಾಖಲಾದದ್ದು ಸುಮಾರು 73 ಮಿಲಿಮೀಟರ್. ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಮುಂಬಯಿಯ ಸರಾಸರಿ ಮಳೆ 508 ಮಿಲಿಮೀಟರ್ ಎಂಬ ಉತ್ತರ ಬರುತ್ತದೆ. ಲೆಕ್ಕ ಸರಿಯಾಗಿದೆ. ಆದರೆ ಕೊಲಾಬಾದವನಿಗೆ ಆ ಸಂಖ್ಯೆ ಸುಳ್ಳು ಗಾಬರಿ, ಕಾಲಿನಾ, ಕುರ್ಲಾ ಬಡಾವಣೆಗಳ ಕಡೆ ಕುತ್ತಿಗೆಯವರೆಗಿನ ನೀರಿನಲ್ಲಿ ನಡೆದವನಿಗೆ ಸುಳ್ಳು ಸಮಾಧಾನ. ಸರಾಸರಿಯೊಂದನ್ನು ಕಂಡಾಗ ಅದನ್ನು ಯಾವ ಯಾವ ಸಂಖ್ಯೆಗಳಿಂದ ಕಟ್ಟಿದ್ದಾರೆ, ಆ ಸಂಖ್ಯೆಗಳು ಒಂದೇ ಜಾತಿಯವೇ ಎಂದು ನೋಡುವ ಅಭ್ಯಾಸ ಸೂತ್ರಕ್ಕಿಂತ ಮೊದಲು ಬರಬೇಕು.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ತೊಡಕಿದೆ. ಅದನ್ನು ನೀವು ದಿನಾಲೂ ಲೋಕಲ್ ಗಾಡಿಯಲ್ಲಿ ಅನುಭವಿಸುತ್ತೀರಿ. ಲೆಕ್ಕ ಹಗುರವಾಗಲೆಂದು ಎರಡೇ ಬೋಗಿಗಳಿವೆ ಎಂದುಕೊಳ್ಳಿ: ಬೆಳಗಿನ ಗಾಡಿಯ ಬೋಗಿಯಲ್ಲಿ 200 ಜನ, ಮಧ್ಯಾಹ್ನದ ಗಾಡಿಯ ಬೋಗಿಯಲ್ಲಿ 40 ಜನ. ಕಚೇರಿಯಲ್ಲಿ ಕುಳಿತು ವರದಿ ಬರೆಯುವ ಅಧಿಕಾರಿ 240ನ್ನು ಎರಡರಿಂದ ಭಾಗಿಸಿ, ಬೋಗಿಗೆ ಸರಾಸರಿ 120 ಜನ ಎಂದು ಬರೆಯುತ್ತಾನೆ. ಈಗ ಆ 240 ಪ್ರಯಾಣಿಕರನ್ನು ಒಬ್ಬೊಬ್ಬರನ್ನಾಗಿ ನಿಲ್ಲಿಸಿ, 'ನಿಮ್ಮ ಬೋಗಿಯಲ್ಲಿ ಎಷ್ಟು ಜನ ಇದ್ದರು?' ಎಂದು ಕೇಳಿ. 200 ಜನ 'ಇನ್ನೂರು' ಎನ್ನುತ್ತಾರೆ, 40 ಜನ 'ನಲವತ್ತು' ಎನ್ನುತ್ತಾರೆ. ಈ ಉತ್ತರಗಳ ಸರಾಸರಿ 173ಕ್ಕೆ ಬಂದು ನಿಲ್ಲುತ್ತದೆ. ಅಧಿಕಾರಿ ಸುಳ್ಳು ಹೇಳಿಲ್ಲ, ಪ್ರಯಾಣಿಕರು ಉತ್ಪ್ರೇಕ್ಷೆ ಮಾಡಿಲ್ಲ. ಅವನ ಛೇದದಲ್ಲಿ ಬೋಗಿಗಳಿವೆ, ಇವರ ಛೇದದಲ್ಲಿ ಮನುಷ್ಯರಿದ್ದಾರೆ. ಕಿಕ್ಕಿರಿದ ಬೋಗಿಯನ್ನು ಕಂಡ ಕಣ್ಣುಗಳೇ ಹೆಚ್ಚು, ಖಾಲಿ ಬೋಗಿಗೆ ಸಾಕ್ಷಿಗಳೇ ಕಡಿಮೆ.

ಗಾಡಿಗಾಗಿ ಕಾಯುವ ವಿಷಯವೂ ಹೀಗೆಯೇ. ಗಾಡಿಗಳು ಒಮ್ಮೆ 2 ನಿಮಿಷದ ಅಂತರದಲ್ಲಿ, ಒಮ್ಮೆ 8 ನಿಮಿಷದ ಅಂತರದಲ್ಲಿ ಬರುತ್ತಿದ್ದರೆ ಸರಾಸರಿ ಅಂತರ 5 ನಿಮಿಷ, ಹಾಗಾಗಿ ಕಾಯಬೇಕಾದದ್ದು ಸರಾಸರಿ ಎರಡೂವರೆ ನಿಮಿಷ ಎಂದು ತೋರುತ್ತದೆ. ಆದರೆ ಗಡಿಯಾರ ನೋಡದೆ ನಿಲ್ದಾಣಕ್ಕೆ ಬಂದವನು 8 ನಿಮಿಷದ ಅಂತರದೊಳಗೆ ಸಿಕ್ಕಿಬೀಳುವ ಸಾಧ್ಯತೆ ಹತ್ತರಲ್ಲಿ ಎಂಟು. ಲೆಕ್ಕ ಹಾಕಿದರೆ ಅವನು ಸರಾಸರಿ 3.4 ನಿಮಿಷ ಕಾಯುತ್ತಾನೆ. 'ನಾನು ಬಂದಾಗಲೇ ಗಾಡಿ ತಡ' ಎಂದು ಗೊಣಗುವವರ ಮಾತಿನಲ್ಲಿ ಇಷ್ಟು ಗಣಿತವಿದೆ ಎಂದು ತಿಳಿದ ಮೇಲೆ ನಾನು ಅವರನ್ನು ನೋಡಿ ನಗುವುದನ್ನು ಬಿಟ್ಟಿದ್ದೇನೆ. ತರಗತಿಯಲ್ಲಿ ಇದನ್ನು ಮನಗಾಣಿಸಲು ಗಾಡಿಯೂ ಬೇಡ. ನಿಮ್ಮ ತಂದೆತಾಯಿಗೆ ಎಷ್ಟು ಮಕ್ಕಳು ಎಂದು ವಿದ್ಯಾರ್ಥಿಗಳನ್ನು ಕೇಳಿ ಸರಾಸರಿ ತೆಗೆಯಿರಿ, ಅದು ಊರಿನ ದಂಪತಿಗಳ ಸರಾಸರಿಗಿಂತ ಹೆಚ್ಚೇ ಬರುತ್ತದೆ. ಮಕ್ಕಳಿಲ್ಲದ ದಂಪತಿಗಳ ಪರವಾಗಿ ಉತ್ತರ ಹೇಳಲು ತರಗತಿಯಲ್ಲಿ ಯಾರೂ ಇರುವುದಿಲ್ಲ.

ಸರಾಸರಿಯ ಜೊತೆಗೆ ಹರವನ್ನೂ, ಅಂದರೆ ಸಂಖ್ಯೆಗಳು ಎಷ್ಟು ಚದುರಿವೆ ಎಂಬುದನ್ನೂ, ನೋಡಬೇಕು ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ, ಏಕೆ ನೋಡಬೇಕೆಂದು ಮನಸ್ಸಿಗೆ ನಾಟುವಂತೆ ಹೇಳುವುದು ಕಡಿಮೆ. ನನಗೆ ಅದನ್ನು ಕಲಿಸಿದ್ದು ದಾಮೋದರ ಧರ್ಮಾನಂದ ಕೋಸಂಬಿಯವರ ನಾಣ್ಯಗಳು. 1907ರಲ್ಲಿ ಗೋವೆಯಲ್ಲಿ ಹುಟ್ಟಿ, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತ ಕಲಿಸಿ, ಆಮೇಲೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡುತ್ತ ಪುಣೆಯಿಂದ ಡೆಕ್ಕನ್ ಕ್ವೀನ್ ಗಾಡಿಯಲ್ಲಿ ಓಡಾಡುತ್ತಿದ್ದ ಈ ವಿದ್ವಾಂಸರನ್ನು ನಾವು ಇತಿಹಾಸಕಾರರೆಂದು ಬಲ್ಲೆವು, ಆದರೆ ಅವರು ಇತಿಹಾಸದೊಳಗೆ ಪ್ರವೇಶಿಸಿದ್ದು ತಕ್ಕಡಿಯ ದಾರಿಯಿಂದ. ತಕ್ಷಶಿಲೆಯಲ್ಲಿ ದೊರೆತ ಮುದ್ರೆಯೊತ್ತಿದ ಬೆಳ್ಳಿಯ ನಾಣ್ಯಗಳ ಮೇಲೆ ರಾಜನ ಹೆಸರಿಲ್ಲ, ವರ್ಷವಿಲ್ಲ. ಯಾವುದು ಹಳೆಯದು, ಯಾವುದು ಹೊಸದು ಎಂದು ತಿಳಿಯುವ ಬಗೆ ಯಾವುದು? ಕೋಸಂಬಿಯವರು ಮೊದಲು ತಮ್ಮ ಕಾಲದಲ್ಲಿ ಚಲಾವಣೆಯಲ್ಲಿದ್ದ ನಾಣ್ಯಗಳನ್ನೇ ಸಾವಿರಗಟ್ಟಲೆ ತೂಗಿ ನೋಡಿದರು. ಟಂಕಸಾಲೆಯಿಂದ ಆಗತಾನೆ ಹೊರಬಂದ ನಾಣ್ಯಗಳ ತೂಕದಲ್ಲೂ ಅಷ್ಟಿಷ್ಟು ವ್ಯತ್ಯಾಸವಿರುತ್ತದೆ; ಕೈಯಿಂದ ಕೈಗೆ ಸವೆಯುತ್ತ ಹೋದಂತೆ ಗುಂಪಿನ ಸರಾಸರಿ ತೂಕ ಇಳಿಯುತ್ತದೆ. ಇದು ಯಾರಾದರೂ ಊಹಿಸಬಹುದಾದ ಸಂಗತಿ. ಅದರ ಜೊತೆಗೆ ತೂಕಗಳ ಹರವೂ ಹಿಗ್ಗುತ್ತದೆ, ಏಕೆಂದರೆ ಒಂದು ನಾಣ್ಯ ದಿನಕ್ಕೆ ಹತ್ತು ಕೈ ದಾಟಿದರೆ ಇನ್ನೊಂದು ಯಾರದೋ ಗಂಟಿನಲ್ಲಿ ವರ್ಷಗಟ್ಟಲೆ ಮಲಗಿರುತ್ತದೆ. ಎಲ್ಲವೂ ಒಂದೇ ಸಮನೆ ಸವೆಯುವುದಿಲ್ಲ. ಈ ತಿಳಿವಳಿಕೆಯನ್ನು ಹಿಡಿದು ಅವರು ಪ್ರಾಚೀನ ನಾಣ್ಯಗಳನ್ನು ಗುಂಪುಗುಂಪಾಗಿ ತೂಗಿ, ಹಿಂಬದಿಯ ಸಣ್ಣ ಮುದ್ರೆಗಳು ಹೆಚ್ಚಿದಂತೆ ಗುಂಪಿನ ಸರಾಸರಿ ತೂಕ ಕಡಿಮೆಯಾಗುವುದನ್ನು ತೋರಿಸಿ, ಅವುಗಳಿಗೆ ಕಾಲಾನುಕ್ರಮವನ್ನು ಕಟ್ಟಿಕೊಟ್ಟರು. ಒಂದು ನಾಣ್ಯವನ್ನು ಕೈಯಲ್ಲಿ ಹಿಡಿದರೆ ಅದು ಹುಟ್ಟಿನಿಂದಲೇ ಹಗುರವೋ ಸವೆದು ಹಗುರವಾಯಿತೋ ಹೇಳುವುದು ಸಾಧ್ಯವಿಲ್ಲ. ನೂರಾರು ನಾಣ್ಯಗಳ ಗುಂಪನ್ನು ತೂಗಿದರೆ ಸರಾಸರಿಯೂ ಹರವೂ ಸೇರಿ ಬಾಯಿ ಬಿಡುತ್ತವೆ. ಕೋಸಂಬಿಯವರು ತೀರಿಕೊಂಡದ್ದು 1966ರ ಜೂನ್ 29ರಂದು. ಸಂಖ್ಯಾಶಾಸ್ತ್ರಜ್ಞ ಪ್ರಶಾಂತಚಂದ್ರ ಮಹಾಲನೋಬಿಸರ ಹುಟ್ಟುಹಬ್ಬವೆಂದು ನಾವೀಗ ರಾಷ್ಟ್ರೀಯ ಸಂಖ್ಯಾಶಾಸ್ತ್ರ ದಿನವನ್ನು ಆಚರಿಸುವುದೂ ಅದೇ ಜೂನ್ 29ರಂದು. ಇದು ಬರಿಯ ಕಾಕತಾಳೀಯ. ಕಾಕತಾಳೀಯಗಳಲ್ಲಿ ಅರ್ಥ ಹುಡುಕಬಾರದೆಂದು ಹೇಳುವುದೇ ನನ್ನ ಕಸುಬಾದರೂ ಪ್ರತಿ ವರ್ಷ ಆ ದಿನ ನನಗೆ ಇಬ್ಬರೂ ನೆನಪಾಗುತ್ತಾರೆ.

ಇನ್ನು ಸಂಭವನೀಯತೆ, ಅಂದರೆ ಒಂದು ಸಂಗತಿ ನಡೆಯುವ ಸಾಧ್ಯತೆ ಎಷ್ಟೆಂಬ ಅಳತೆ. ಪುಸ್ತಕಗಳಲ್ಲಿ ಅದು ನಾಣ್ಯ ಚಿಮ್ಮುವುದರಿಂದ ಆರಂಭವಾಗುತ್ತದೆ. ನನ್ನ ಮಟ್ಟಿಗೆ ಆ ಆರಂಭವೇ ದಾರಿ ತಪ್ಪಿಸುತ್ತದೆ, ಏಕೆಂದರೆ ನಾಣ್ಯದ ಎರಡು ಮುಖಗಳು ಸಮಬಲದವು ಎಂದು ಯಾರೂ ಪರೀಕ್ಷಿಸದೆ ಒಪ್ಪಿಬಿಡುತ್ತಾರೆ, 'ಎರಡು ಸಾಧ್ಯತೆ ಇದ್ದರೆ ಅರ್ಧ ಅರ್ಧ' ಎಂಬ ತಪ್ಪು ತಿಳಿವಳಿಕೆ ಅಲ್ಲಿಯೇ ಬೇರೂರುತ್ತದೆ. ನಾನು ಕವಡೆಯಿಂದ ಆರಂಭಿಸುತ್ತೇನೆ. ಮೈಸೂರು ಸೀಮೆಯಿಂದ ಬಂದವರಿಗೆ ಚೌಕಾಬಾರ ಗೊತ್ತು: ನಾಲ್ಕು ಕವಡೆ ಬಿಟ್ಟಾಗ ಎಷ್ಟು ಅಂಗಾತ ಬಿದ್ದವೋ ಅಷ್ಟು ಗರ, ನಾಲ್ಕೂ ಅಂಗಾತವಾದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಕವಡೆ ಸಿಗದ ಮನೆಗಳಲ್ಲಿ ಹುಣಸೆ ಬೀಜಗಳನ್ನು ಒಂದು ಮಗ್ಗುಲಿಗೆ ಕಲ್ಲಿನ ಮೇಲೆ ತೇಯ್ದು ಬಿಳಿ ಮಾಡಿಕೊಳ್ಳುತ್ತಿದ್ದರು. ನಮ್ಮಜ್ಜಿಗೆ ಯಾವ ಕವಡೆ ಹೆಚ್ಚು ಅಂಗಾತ ಬೀಳುತ್ತದೆ ಎಂಬುದು ಗೊತ್ತಿತ್ತು, ಆಟಕ್ಕೆ ಕೂರುವ ಮೊದಲು ಆಕೆ ಕವಡೆಗಳನ್ನು ಆರಿಸುತ್ತಿದ್ದ ಕಾರಣ ನನಗೆ ಅರ್ಥವಾದದ್ದು ಎಂ.ಎಸ್ಸಿ. ಓದುವಾಗ.

ಕವಡೆ ಅರ್ಧಕ್ಕರ್ಧ ಬೀಳುತ್ತದೆ ಎಂದುಕೊಂಡರೆ ಒಟ್ಟು 16 ಬಗೆಗಳಲ್ಲಿ ಚೌಕಕ್ಕೆ ಒಂದು, ಬಾರಕ್ಕೆ ಒಂದು. ಎರಡೂ ಸಮಾನ ಅಪರೂಪ. ಆದರೆ ನಿಮ್ಮ ಕವಡೆ ಹತ್ತರಲ್ಲಿ ಆರು ಸಲ ಅಂಗಾತ ಬೀಳುವ ಜಾತಿಯದು ಎಂದುಕೊಳ್ಳಿ. 0.6ನ್ನು ನಾಲ್ಕು ಸಲ ಗುಣಿಸಿದರೆ ಚೌಕದ ಸಂಭವನೀಯತೆ ಸುಮಾರು 13 ಶೇಕಡಾ, 0.4ನ್ನು ನಾಲ್ಕು ಸಲ ಗುಣಿಸಿದರೆ ಬಾರದ ಸಂಭವನೀಯತೆ ಎರಡೂವರೆ ಶೇಕಡಾ. ಒಂದೊಂದು ಕವಡೆಯ ಸಣ್ಣ ವಾಲು ನಾಲ್ಕು ಸೇರುವಷ್ಟರಲ್ಲಿ ಐದು ಪಟ್ಟಿನ ಅಂತರವಾಗಿ ನಿಂತಿತು. ಗುಣಾಕಾರ ಏಕೆ, ಕೂಡುವಿಕೆ ಏಕಲ್ಲ ಎಂದು ಪ್ರತಿ ವರ್ಷ ಯಾರಾದರೊಬ್ಬರು ಕೇಳುತ್ತಾರೆ. ನೂರು ಸಲ ಆಟ ಬಿಟ್ಟರೆ ಮೊದಲ ಕವಡೆ ಅಂಗಾತ ಬಿದ್ದದ್ದು 60ರಲ್ಲಿ, ಎರಡನೆಯದೂ ಅಂಗಾತ ಬಿದ್ದದ್ದನ್ನು ಹುಡುಕಬೇಕಾದದ್ದು ಆ 60ರೊಳಗೇ, ನೂರರಲ್ಲಿ ಅಲ್ಲ, ಹಾಗಾಗಿ 36. ಪ್ರತಿ ಹೆಜ್ಜೆಗೂ ಛೇದ ಕಿರಿದಾಗುತ್ತ ಹೋಗುವುದನ್ನೇ ಗುಣಾಕಾರ ಎನ್ನುತ್ತೇವೆ.

ಕವಡೆಯ ಆ 0.6 ಎಲ್ಲಿಂದ ಬಂತು? ಅದನ್ನು ಯಾವ ಸೂತ್ರವೂ ಕೊಡಲಾರದು, ಕವಡೆಯನ್ನು ಬಿಟ್ಟು ಬಿಟ್ಟು ಎಣಿಸಬೇಕು. ನನ್ನ ವಿದ್ಯಾರ್ಥಿಗಳಿಂದ ಇದನ್ನು ಮಾಡಿಸುತ್ತೇನೆ, ಅವರಿಗೆ ಬೇಸರವಾಗುವವರೆಗೂ ಮಾಡಿಸುತ್ತೇನೆ. ನೂರು ಸಲ ಬಿಟ್ಟವಳಿಗೆ 57 ಬರುತ್ತದೆ, ಪಕ್ಕದವನಿಗೆ ಅದೇ ಕವಡೆಯಲ್ಲಿ 64 ಬರುತ್ತದೆ, ಇಬ್ಬರೂ ಜಗಳಕ್ಕೆ ನಿಲ್ಲುತ್ತಾರೆ. ನೂರು ಸಲದ ಲೆಕ್ಕದಲ್ಲಿ ಆಚೀಚೆ ಐದರಷ್ಟು ತೂಗಾಟ ಸಹಜ ಎಂದು ಆಗ ಹೇಳಿದರೆ ಆ ಮಾತು ಒಳಗೆ ಇಳಿಯುತ್ತದೆ. ಕರಿಹಲಗೆಯ ಮೇಲೆ ವರ್ಗಮೂಲ ಬರೆದು ಹೇಳಿದರೆ ಇಳಿಯುವುದಿಲ್ಲ. ತೂಗಾಟವನ್ನು ಅರ್ಧಕ್ಕೆ ಇಳಿಸಬೇಕಾದರೆ ಇನ್ನೂರು ಸಲ ಬಿಟ್ಟರೆ ಸಾಲದು, ನಾನೂರು ಸಲ ಬಿಡಬೇಕು. ಈ ತೂಗಾಟವನ್ನು ಜಾಣತನದಿಂದ ಎಷ್ಟರ ಮಟ್ಟಿಗೆ ತಗ್ಗಿಸಬಹುದು, ಯಾವ ಮಿತಿಯಿಂದ ಕೆಳಗೆ ಯಾವ ಜಾಣನೂ ಇಳಿಸಲಾರ ಎಂಬುದನ್ನು 1945ರಲ್ಲಿ ತೋರಿಸಿದವರು ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್, ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ತೆಲುಗು ಮನೆತನದಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಬೆಳಗಿ, 2023ರಲ್ಲಿ 102 ವರ್ಷ ತುಂಬಿ ತೀರಿಕೊಂಡವರು. ಕ್ರೇಮರ್–ರಾವ್ ಮಿತಿ ಎಂದು ಜಗತ್ತೆಲ್ಲ ಕರೆಯುವ ಆ ಫಲಿತವನ್ನು ಕಂಡಾಗ ಅವರಿಗೆ 25 ವರ್ಷ ತುಂಬಿತ್ತೋ ಇಲ್ಲವೋ.

ಎಣಿಸುವುದರ ಮಾತು ಬಂದಾಗ ನಳನ ಕಥೆಯನ್ನು ಬಿಡಲಾಗುವುದಿಲ್ಲ. ಮಹಾಭಾರತದ ವನಪರ್ವದಲ್ಲಿ ಅಯೋಧ್ಯೆಯ ರಾಜ ಋತುಪರ್ಣ ರಥದಲ್ಲಿ ಹೋಗುತ್ತಲೇ ತಾರೆ (ವಿಭೀತಕ) ಮರವೊಂದನ್ನು ನೋಡಿ ಅದರ ಎಲೆ, ಹಣ್ಣುಗಳ ಸಂಖ್ಯೆಯನ್ನು ಹೇಳಿಬಿಡುತ್ತಾನೆ. ಅವನ ಸಾರಥಿ ಬಾಹುಕನ ವೇಷದಲ್ಲಿದ್ದ ನಳ ನಂಬದೆ ರಥ ನಿಲ್ಲಿಸಿ, ಮರ ಕಡಿದು, ಎಣಿಸಿ ನೋಡಿ, ಲೆಕ್ಕ ಸರಿಯಿರುವುದನ್ನು ಕಂಡು ಬೆರಗಾಗುತ್ತಾನೆ. ರಾಜ ಕೊಟ್ಟ ಸಂಖ್ಯೆ ಎರಡು ಕೊಂಬೆಗಳದ್ದು ಎಂಬುದು ನನಗೆ ಕುತೂಹಲದ ಸಂಗತಿ. ಒಂದು ರೆಂಬೆಯನ್ನು ಎಣಿಸಿ ರೆಂಬೆಗಳ ಸಂಖ್ಯೆಯಿಂದ ಗುಣಿಸಿದನೇ ಎಂದು ಕಥೆ ಹೇಳುವುದಿಲ್ಲ, ಮಾದರಿ ಸಮೀಕ್ಷೆಯನ್ನು ಕಲಿಸುವ ಮೇಷ್ಟರು ಹಾಗೆ ಊಹಿಸಿಕೊಳ್ಳುತ್ತಾರೆ. ಆ ರಾಜ ಎಣಿಕೆಯ ವಿದ್ಯೆಯನ್ನೂ ಪಗಡೆಯ ಮರ್ಮವನ್ನೂ ಒಟ್ಟಿಗೆ ಬಲ್ಲವನಾಗಿದ್ದ, ಹಳೆಯ ಕಾಲದಲ್ಲಿ ದಾಳವಾಗಿ ಬಳಸುತ್ತಿದ್ದದ್ದೂ ಅದೇ ತಾರೆಯ ಕಾಯಿ. ಎರಡು ವಿದ್ಯೆಗಳನ್ನು ಒಂದೇ ಮರದ ಕೆಳಗೆ ನಿಲ್ಲಿಸಿದ ಕಥೆಗಾರ ಯಾರೋ, ಅವನಿಗೆ ವಿಷಯ ಗೊತ್ತಿತ್ತು.

ಷರತ್ತುಬದ್ಧ ಸಂಭವನೀಯತೆ, ಅಂದರೆ ಒಂದು ಸಂಗತಿ ನಡೆದಿದೆ ಎಂದು ತಿಳಿದ ಮೇಲೆ ಇನ್ನೊಂದರ ಸಾಧ್ಯತೆ ಎಷ್ಟು ಎಂಬ ಅಧ್ಯಾಯ ಬಂದಾಗ ಅರ್ಧ ತರಗತಿ ಕಿಟಕಿಯ ಹೊರಗೆ ನೋಡತೊಡಗುತ್ತದೆ. ಅದನ್ನು ಹೋಟೆಲಿನ ಗಲ್ಲೆಯ ಮೇಲೆ ಕೂರಿಸೋಣ. ಶೆಟ್ಟರೊಬ್ಬರು ಖೋಟಾ ನೋಟು ಹಿಡಿಯುವ ಯಂತ್ರ ತಂದಿದ್ದಾರೆ ಎನ್ನಿ. ಹತ್ತು ಖೋಟಾ ನೋಟುಗಳಲ್ಲಿ ಒಂಬತ್ತನ್ನು ಅದು ಹಿಡಿಯುತ್ತದೆ, ನೂರು ಒಳ್ಳೆಯ ನೋಟುಗಳಲ್ಲಿ ಒಂದಕ್ಕೆ ಮಾತ್ರ ತಪ್ಪಾಗಿ ಕೂಗುತ್ತದೆ. ಯಂತ್ರ ಕೂಗಿತು. ಆ ನೋಟು ಖೋಟಾ ಆಗಿರುವ ಸಾಧ್ಯತೆ ಎಷ್ಟು? ನೂರಕ್ಕೆ ತೊಂಬತ್ತು ಎಂದು ಈ ಸಭೆಯಲ್ಲೂ ಹಲವರು ಮನಸ್ಸಿನಲ್ಲಿ ಹೇಳಿಕೊಂಡಿರಿ. ಶೇಕಡಾವಾರನ್ನು ಬಿಟ್ಟು ನೋಟುಗಳನ್ನೇ ಎಣಿಸೋಣ. ಗಲ್ಲೆಗೆ ಬರುವ 10,000 ನೋಟುಗಳಲ್ಲಿ 10 ಖೋಟಾ ಎಂದಿಟ್ಟುಕೊಳ್ಳಿ. ಯಂತ್ರ ಅವುಗಳಲ್ಲಿ 9ಕ್ಕೆ ಕೂಗುತ್ತದೆ. ಉಳಿದ 9,990 ಒಳ್ಳೆಯ ನೋಟುಗಳಲ್ಲಿ ನೂರಕ್ಕೊಂದರಂತೆ ಹತ್ತಿರ ಹತ್ತಿರ 100ಕ್ಕೆ ಕೂಗುತ್ತದೆ. ಒಟ್ಟು ಕೂಗು 109, ನಿಜವಾದದ್ದು 9. ಅಂದರೆ ಯಂತ್ರ ಕೂಗಿದಾಗಲೆಲ್ಲ ಗಿರಾಕಿಯನ್ನು ದುರುಗುಟ್ಟಿ ನೋಡಿದರೆ, ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಸಲ ಶೆಟ್ಟರು ಪ್ರಾಮಾಣಿಕನನ್ನೇ ಅವಮಾನಿಸಿರುತ್ತಾರೆ.

ಇಲ್ಲಿ ಎರಡು ಪ್ರಶ್ನೆಗಳು ಕಲಸಿಹೋಗುತ್ತವೆ. ಖೋಟಾ ನೋಟುಗಳಲ್ಲಿ ಎಷ್ಟಕ್ಕೆ ಯಂತ್ರ ಕೂಗಿತು ಎಂಬುದು ಒಂದು, ಛೇದ 10. ಕೂಗಿದ ನೋಟುಗಳಲ್ಲಿ ಎಷ್ಟು ಖೋಟಾ ಎಂಬುದು ಇನ್ನೊಂದು, ಛೇದ 109. ಅಂಶ ಎರಡರಲ್ಲೂ ಅದೇ 9. ಮಾರಾಟಗಾರ 'ನಮ್ಮ ಯಂತ್ರ 99 ಶೇಕಡಾ ಸರಿ' ಎನ್ನುತ್ತಾನೆ, 10,000 ನೋಟುಗಳನ್ನು ಛೇದದಲ್ಲಿಟ್ಟರೆ ಅವನ ಮಾತೂ ನಿಜ. ಆದರೆ ಆ ಲೆಕ್ಕದಲ್ಲಿ, ಯಾವತ್ತೂ ಕೂಗದೆ ಸುಮ್ಮನೆ ಕುಳಿತ ಕೆಟ್ಟ ಯಂತ್ರವೊಂದು 99.9 ಶೇಕಡಾ ಸರಿಯಾಗುತ್ತದೆ. ಇದೇ ಯಂತ್ರವನ್ನು ಹತ್ತಕ್ಕೊಂದು ನೋಟು ಖೋಟಾ ಇರುವ ಜಾಗದಲ್ಲಿಡಿ: 1,000 ಖೋಟಾ ನೋಟುಗಳಲ್ಲಿ 900ಕ್ಕೆ ಸರಿಯಾಗಿ, 9,000 ಒಳ್ಳೆಯ ನೋಟುಗಳಲ್ಲಿ 90ಕ್ಕೆ ತಪ್ಪಾಗಿ ಕೂಗುತ್ತದೆ, ಆಗ ಕೂಗಿದ್ದರಲ್ಲಿ ನೂರಕ್ಕೆ ತೊಂಬತ್ತೊಂದು ನಿಜ. ಯಂತ್ರ ಬದಲಾಗಲಿಲ್ಲ, ಬಜಾರು ಬದಲಾಯಿತು. 1763ರಲ್ಲಿ, ಲೇಖಕ ತೀರಿಕೊಂಡ ಮೇಲೆ, ಬೆಳಕು ಕಂಡ, ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸ್‌ನ ಪ್ರಬಂಧದ ತಿರುಳು ಮೊದಲ ವರ್ಷದ ವಿದ್ಯಾರ್ಥಿಗೆ ಬೇಕಾದಷ್ಟರ ಮಟ್ಟಿಗೆ ಇದೇ. ರೋಗ ಪರೀಕ್ಷೆಯ ವರದಿಯನ್ನು ಕೈಯಲ್ಲಿ ಹಿಡಿದು ಕಂಗಾಲಾಗಿ ಬರುವ ನೆಂಟರಿಗೂ ನಾನು ಈ ಗಲ್ಲೆಯ ಲೆಕ್ಕವನ್ನೇ ಹೇಳಿ, ಎರಡನೆಯ ಪರೀಕ್ಷೆಯ ವಿಷಯ ವೈದ್ಯರನ್ನು ಕೇಳಿ ಎನ್ನುತ್ತೇನೆ.

ಕೊನೆಗೆ, ಈ ಊರಿಗೆ ಸೇರಿದ ಒಂದು ಕೆಟ್ಟ ಆಟದ ವಿಷಯ. ಹತ್ತಿಯ ಪೇಟೆಯ ಆರಂಭದ ದರ, ಮುಕ್ತಾಯದ ದರಗಳ ಮೇಲೆ ಪಣ ಕಟ್ಟುತ್ತಿದ್ದವರು, ನ್ಯೂಯಾರ್ಕಿನಿಂದ ಆ ದರಗಳು ಬರುವುದು ನಿಂತ ಮೇಲೆ, 1960ರ ದಶಕದಲ್ಲಿ ಮಡಕೆಯೊಳಗೆ ಚೀಟಿ ಹಾಕಿ ಎತ್ತತೊಡಗಿದರು, ಮಡಕೆಯ ಹೆಸರೇ ಆಟಕ್ಕೆ ನಿಂತು ಮಟ್ಕಾ ಆಯಿತು. ನಮ್ಮ ಕಡೆ ಅದನ್ನೇ ಓಪನ್, ಕ್ಲೋಸ್ ಎಂಬುದನ್ನು ಮೊಟಕುಮಾಡಿ ಓಸಿ ಎಂದರು. ಹತ್ತು ಅಂಕಿಗಳಲ್ಲಿ ಒಂದನ್ನು ಹಿಡಿದು, ಬಂದರೆ ಕಟ್ಟಿದ್ದೂ ಸೇರಿ ಒಂದಕ್ಕೆ ಒಂಬತ್ತು ಎಂದಿಟ್ಟುಕೊಳ್ಳೋಣ. ದಿನಕ್ಕೆ 100 ರೂಪಾಯಿಯಂತೆ 300 ದಿನ ಕಟ್ಟಿದವನು 30,000 ಸುರಿದು ಸರಾಸರಿ 3,000 ಕಳೆದುಕೊಳ್ಳುತ್ತಾನೆ. ಇಷ್ಟು ಲೆಕ್ಕ ಆಡುವವರಿಗೂ ತಿಳಿದಿರುತ್ತದೆ. ಅವರನ್ನು ಹಿಡಿದಿಡುವುದು ಚಾರ್ಟು. ಹಳೆಯ ಅಂಕಿಗಳನ್ನು ಸಾಲಾಗಿ ಬರೆದಿಟ್ಟುಕೊಂಡು, 'ಏಳು ಬಂದು ತಿಂಗಳಾಯಿತು, ಇನ್ನು ಬರಲೇಬೇಕು' ಎನ್ನುವವರನ್ನು ನಾನು ಮಿಲ್ಲುಗಳ ಪ್ರದೇಶದ ಚಹಾ ಅಂಗಡಿಗಳಲ್ಲಿ ಕಂಡಿದ್ದೇನೆ. ಮಡಕೆಗೆ ನೆನಪಿಲ್ಲ, ಕವಡೆಗೂ ಇಲ್ಲ.

ಪುಣೆಯಲ್ಲಿ ಇದೇ ಮಾತನ್ನು ಹೇಳಿದಾಗ ಸಭೆಯಲ್ಲಿದ್ದ ಹಿರಿಯ ತಾಯಿಯೊಬ್ಬರು ಎದ್ದು ನಿಂತರು. 'ನೆನಪಿಲ್ಲ ಎನ್ನುತ್ತೀರಿ. ಆದರೆ ಹೆಚ್ಚು ಸಲ ಬಿಟ್ಟಷ್ಟೂ ಲೆಕ್ಕ ಸರಿಯಾಗುತ್ತ ಹೋಗುತ್ತದೆ ಎಂದೂ ಹೇಳಿದಿರಿ. ಮೊದಲು ಹೆಚ್ಚು ಬಿದ್ದದ್ದನ್ನು ಆಮೇಲೆ ಕಡಿಮೆ ಬಿದ್ದು ಸರಿದೂಗಿಸದಿದ್ದರೆ ಅದು ಸರಿಯಾಗುವುದು ಹೇಗಪ್ಪ?' ಮೂವತ್ತು ವರ್ಷಗಳಲ್ಲಿ ನನ್ನನ್ನು ಕೇಳಿದ ಪ್ರಶ್ನೆಗಳಲ್ಲಿ ಇದಕ್ಕಿಂತ ಒಳ್ಳೆಯದು ನೆನಪಿಗೆ ಬರುವುದಿಲ್ಲ. ನಾನು ಅವರಿಗೆ ಹೇಳಿದ್ದು ಇಷ್ಟು. ರೂಪಾಯಿಯನ್ನು 20 ಸಲ ಚಿಮ್ಮಿದಾಗ 15 ಸಲ ಸಿಂಹ ಬಿತ್ತೆನ್ನಿ. ಬೀಳಬೇಕಾದದ್ದಕ್ಕಿಂತ 5 ಹೆಚ್ಚು, ಶೇಕಡಾ 75. ಮುಂದೆ 2,000 ಸಲ ಚಿಮ್ಮಿ, ಅದರಲ್ಲಿ ಸಿಂಹ ಸರಿಯಾಗಿ ಅರ್ಧ, 1,000 ಸಲ ಬೀಳಲಿ. ಯಾರೂ ಏನನ್ನೂ ಸರಿದೂಗಿಸಲಿಲ್ಲ. ಒಟ್ಟು 2,020ರಲ್ಲಿ 1,015, ಅಂದರೆ ಶೇಕಡಾ 50.25. ಅರ್ಧವೆಂದರೆ 1,010, ಆ ಹೆಚ್ಚಿನ 5 ಈಗಲೂ ಹಾಗೆಯೇ ಇದೆ. ನಿಜವಾಗಿ ಚಿಮ್ಮಿದರೆ 2,000 ಸಲದಲ್ಲಿ ಸಾವಿರದ ಆಚೀಚೆ ಇಪ್ಪತ್ತೆರಡರಷ್ಟು ಹೆಚ್ಚುಕಡಿಮೆಯಾಗುವುದು ಸಾಮಾನ್ಯವಾದ್ದರಿಂದ ಆ ಐದು ಇಪ್ಪತ್ತೈದಾಗಿ ಬೆಳೆದರೂ ಆಶ್ಚರ್ಯವಿಲ್ಲ, ಆಗಲೂ ಶೇಕಡಾ 51.25ರ ಒಳಗೇ ಇರುತ್ತದೆ. ಕೆಳಗಿನ ಛೇದ ಬೆಳೆದದ್ದರಿಂದ ಮೇಲಿನದು ಚಿಕ್ಕದಾಗಿ ಕಾಣುತ್ತದೆ, ಅಷ್ಟೇ.

ಅವರು ಸ್ವಲ್ಪ ಹೊತ್ತು ಯೋಚಿಸಿ, 'ಹಾಗಾದರೆ ಚೌಕಾಬಾರದಲ್ಲಿ ನಾನು ಸೋತದ್ದೆಲ್ಲ ಸೋತೇ ಇರುತ್ತದೆ' ಎಂದರು. ಹೌದು ತಾಯಿ ಎಂದೆ. 'ಇನ್ನಷ್ಟು ಆಡಿದರೆ ಎದ್ದು ಕಾಣುವುದಿಲ್ಲ, ಅಲ್ಲವೇ?' ಎಂದು ಕುಳಿತುಕೊಂಡರು.